ಅಧ್ಯಕ್ಷರ ಕುರ್ಚಿ, ಮನೆದೇವರು ಮತ್ತು ಡಾಂಗಲ್

ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿ ಆಯ್ಕೆಯಾದವರು ಅಧಿಕಾರ ವಹಿಸಿಕೊಳ್ಳುವ ದಿನ ಮೊದಲು ಹೋಗುವುದು ಮನೆದೇವರ ಗುಡಿಗೆ. ಕಾಯಿ ಒಡೆಸಿ, ಹಣೆಗೆ ಭಂಡಾರವೋ ವಿಭೂತಿಯೋ ಹಚ್ಚಿಕೊಂಡು ಪಂಚಾಯಿತಿ ಮೆಟ್ಟಿಲು ಹತ್ತುತ್ತಾರೆ. ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬರುವವರಿದ್ದಾರೆ, ಅಂಬೇಡ್ಕರ್ ಪಟಕ್ಕೆ ಕೈಮುಗಿದು ಬರುವವರೂ ಇದ್ದಾರೆ. "ಇದೆಲ್ಲ ಯಾಕೆ, ಮೊದಲು ಕಾಯ್ದೆ ಪುಸ್ತಕ ಓದಲಿ" ಅಂತ ಓದಿಕೊಂಡವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ನಂಬಿಕೆ ಕೊಡುವ ಧೈರ್ಯ ಗಟ್ಟಿಯಾದದ್ದೇ. ಅದನ್ನು ಎಲ್ಲಿ ಖರ್ಚು ಮಾಡಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹಾರ, ಪಟಾಕಿ, ಮೆರವಣಿಗೆಯಲ್ಲೇ ಅರ್ಧ ಕರಗಿ ಹೋಗಿ, ಸಹಿ ಹಾಕುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಈ ಕುರ್ಚಿ ಹೊಸದೇನಲ್ಲ. ದೇಶದ ಎಲ್ಲ ಪಂಚಾಯಿತಿಗಳಲ್ಲೂ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವ ಮುಂಚೆಯೇ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಇಲ್ಲಿ ಶೇ. 25 ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ ಕೆಲಸ ಅದು. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಮೂರನೇ ಒಂದು ಭಾಗಕ್ಕೆ ಏರಿಸಿತು, ಆಮೇಲೆ ಅರ್ಧವಾಯಿತು. ಸಂಖ್ಯೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಅಧ್ಯಕ್ಷೆ ಸಭೆಯಲ್ಲಿ ಬಾಯಿ ಬಿಡುತ್ತಾರೋ ಇಲ್ಲವೋ ಅನ್ನುವುದು ಬೇರೆ ಲೆಕ್ಕ.

ಹೊಸ ಅಧ್ಯಕ್ಷೆಯ ಭಯವನ್ನು ಬಿಡಿಸಿ ನೋಡಿದರೆ ಅದರಲ್ಲಿ ಜನರ ಭಯ ಕಡಿಮೆ. ಸಂಘದ ಸಾಲ ವಸೂಲಿ ಮಾಡಿದವರಿಗೆ, ಭಜನೆ ಮಂಡಳಿಯಲ್ಲಿ ಮುಂದೆ ನಿಂತು ಹಾಡಿದವರಿಗೆ ಜನ ಹೊಸಬರಲ್ಲ. ಹೆದರಿಸುವುದು ಕಾಗದ. ಅದಕ್ಕಿಂತ ಹೆಚ್ಚಾಗಿ ಋಣ. "ನಿನ್ನನ್ನು ಅಧ್ಯಕ್ಷೆ ಮಾಡಿದ್ದು ನಾವು" ಅನ್ನುವ ಮುಖಂಡ, ಓಟು ಹಾಕಿದ ಸದಸ್ಯರು, ಖರ್ಚು ಹಾಕಿದ ಗುತ್ತಿಗೆದಾರ, ಎಲ್ಲರೂ ಸಾಲ ಕೊಟ್ಟವರ ಹಾಗೆ ಬಾಗಿಲಲ್ಲಿ ನಿಂತಿರುತ್ತಾರೆ. ನಂಬಿಕೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಮುಖಂಡನಿಗಿಂತ ಮೇಲೆ ಒಬ್ಬನಿಗೆ ಲೆಕ್ಕ ಒಪ್ಪಿಸಬೇಕು ಅಂತ ಮನಸ್ಸಿನಲ್ಲಿ ಗಟ್ಟಿಯಾದ ಹೆಂಗಸಿಗೆ ಮುಖಂಡನ ಋಣ ಹಗುರವಾಗುತ್ತದೆ. "ಅಣ್ಣಾ, ನಿಮ್ಮ ಉಪಕಾರ ಮರೆತಿಲ್ಲ. ಆದರೆ ಇದಕ್ಕೆ ಸಹಿ ಆಗಲ್ಲ" ಅನ್ನುವ ಮಾತು ಬಾಯಿಂದ ಹೊರಡುತ್ತದೆ.

ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡವರು. ಅಂದರೆ ದುಡ್ಡಿನ ಪೆಟ್ಟಿಗೆಯ ಪಕ್ಕ ಕೂತು ಶರಣರಾದವರು. "ನ್ಯಾಯನಿಷ್ಠುರಿ, ದಾಕ್ಷಿಣ್ಯಪರ ನಾನಲ್ಲ" ಅಂತ ಅವರು ಹೇಳಿದ್ದನ್ನು ವೇದಿಕೆ ಭಾಷಣಕ್ಕೆ ಇಟ್ಟುಕೊಂಡಿದ್ದೇವೆ. ಅದು ದಾಕ್ಷಿಣ್ಯದ ನಡುವೆಯೇ ದಿನ ಕಳೆಯುವ ಅಧಿಕಾರಿಯ ಮಾತು. ಶರಣೆ ಸತ್ಯಕ್ಕನದು ಇನ್ನೂ ನೇರ: "ಲಂಚವಂಚನಕ್ಕೆ ಕೈಯಾನದ ಭಾಷೆ." ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟುವುದಿಲ್ಲ ಅಂತ ದೇವರ ಮೇಲೆ ಆಣೆ ಇಟ್ಟವಳು. ಮನೆದೇವರ ಮುಂದೆ ಹರಕೆ ಹೊರುವುದಾದರೆ ಅಧ್ಯಕ್ಷೆ ಇದನ್ನೇ ಹೊರಲಿ. ಓದದ ಕಾಗದಕ್ಕೆ ಸಹಿ ಹಾಕುವುದಿಲ್ಲ, ಬಿಲ್ಲಿನ ಮೇಲೆ ಪರ್ಸೆಂಟೇಜ್ ಮುಟ್ಟುವುದಿಲ್ಲ. ಎರಡೇ ಸಾಕು. ದೊಡ್ಡ ಹರಕೆಗಳು ಮೊದಲ ತಿಂಗಳಲ್ಲೇ ಮುರಿದು ಬೀಳುತ್ತವೆ.

ಆಣೆಯ ಮಾತು ಬಂತು, ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಅಧ್ಯಕ್ಷರ ಚುನಾವಣೆಗೆ ಮುಂಚೆ ಸದಸ್ಯರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ, ಪುಣ್ಯಕ್ಷೇತ್ರದಲ್ಲಿ ದೇವರ ಮುಂದೆ ನಿಲ್ಲಿಸಿ, ಇಷ್ಟು ತಿಂಗಳು ಇವಳು, ಆಮೇಲೆ ಅವಳು ಅಂತ ಪ್ರಮಾಣ ಮಾಡಿಸುವುದು ನಮ್ಮಲ್ಲಿ ಮಾಮೂಲಿ. ಜೊತೆಗೆ ದಿನಾಂಕ ಹಾಕದ ರಾಜೀನಾಮೆ ಪತ್ರಕ್ಕೆ ಸಹಿಯನ್ನೂ ತೆಗೆದುಕೊಂಡು ಮುಖಂಡರು ಬೀರುವಿನಲ್ಲಿಡುತ್ತಾರೆ. ಕಾನೂನಿಗೆ ಈ ಒಳ ಒಪ್ಪಂದ ಗೊತ್ತೇ ಇಲ್ಲ. ಅವಧಿ 30 ತಿಂಗಳು. ರಾಜೀನಾಮೆ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ, ಊರ ಗೌಡರಿಗಲ್ಲ. ಮೊದಲೇ ಸಹಿ ಹಾಕಿ ಕೊಟ್ಟಿದ್ದರೆ, ಅದನ್ನು ಇಂಥ ಸಂದರ್ಭದಲ್ಲಿ ದಿನಾಂಕವಿಲ್ಲದೆ ಪಡೆದಿದ್ದಾರೆ, ನನಗೆ ರಾಜೀನಾಮೆ ಕೊಡುವ ಇಚ್ಛೆಯಿಲ್ಲ ಅಂತ ಉಪವಿಭಾಗಾಧಿಕಾರಿಗೆ ಒಂದು ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ದೇವರ ಹೆಸರಲ್ಲಿ ಹೆದರಿಸಿ ಬಾಯಿ ಮುಚ್ಚಿಸಿದ್ದನ್ನು ಭಕ್ತಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹಾಗಂತ ಮಾತು ಕೊಟ್ಟು ತಪ್ಪುವುದು ಸುಲಭ ಅಂತಲೂ ಹೇಳುವುದಿಲ್ಲ. ಅದಕ್ಕೇ ಆ ಪ್ರವಾಸದ ಬಸ್ಸು ಹತ್ತುವ ಮುಂಚೆಯೇ ಯೋಚನೆ ಮಾಡಬೇಕು.

ಈಗ ಸಹಿಯ ವಿಷಯ. ಪಂಚಾಯಿತಿಯ ಹಣ ಈಗ ಚೆಕ್ಕಿಗಿಂತ ಹೆಚ್ಚಾಗಿ ಡಿಜಿಟಲ್ ಸಹಿಯ ಮೇಲೆ ಓಡುತ್ತದೆ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯದು ಒಂದು, ಅಧ್ಯಕ್ಷರದು ಒಂದು. ಪೆನ್‌ಡ್ರೈವ್ ಥರದ ಆ ಡಾಂಗಲ್ ಮತ್ತು ಅದರ ಪಿನ್ ಎರಡೂ ನಿಮ್ಮ ಹತ್ತಿರವೇ ಇರಬೇಕು. "ಇಲ್ಲೇ ಇರಲಿ ಬಿಡಿ ಮೇಡಂ, ಪದೇ ಪದೇ ತರೋದು ಯಾಕೆ ತೊಂದರೆ" ಅಂತ ಕಂಪ್ಯೂಟರ್ ಆಪರೇಟರ್ ಹೇಳುತ್ತಾರೆ. ಕಾಳಜಿಯಿಂದಲೇ ಹೇಳಿರಬಹುದು. ಆದರೂ ಕೊಡಬೇಡಿ. ಡಾಂಗಲ್ ಚುಚ್ಚಿ ಪಿನ್ ಹೊಡೆದರೆ ಅದು ನಿಮ್ಮ ಸಹಿಯೇ. ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಾಗ "ನನಗೆ ಗೊತ್ತಿರಲಿಲ್ಲ" ಅನ್ನುವುದು ಉತ್ತರವಾಗುವುದಿಲ್ಲ. ಗಂಡನ ಜೇಬಿಗೂ ಇದೇ ನಿಯಮ.

ಬಿಲ್ಲಿಗೆ ಒಪ್ಪಿಗೆ ಕೊಡುವ ಮುಂಚೆ ಮೇಜಿನ ಮೇಲೆ ಇವಿಷ್ಟು ಇರಲಿ: ಕಾಮಗಾರಿಗೆ ಒಪ್ಪಿದ ಸಭೆಯ ಠರಾವು, ಅಂದಾಜು ಪಟ್ಟಿ, ಎಂಜಿನಿಯರ್ ಬರೆದ ಅಳತೆ ಪುಸ್ತಕ, ಕೆಲಸದ ಮುಂಚಿನ, ನಡುವಿನ, ಮುಗಿದ ಮೇಲಿನ ಫೋಟೋ, ಬಿಲ್ಲು. ಅಳತೆ ಪುಸ್ತಕ ಓದಲು ಬಾರದಿದ್ದರೆ ಸ್ಥಳಕ್ಕೆ ಹೋಗಿ ಟೇಪು ಹಿಡಿಯಿರಿ. ಸಿಸಿ ರಸ್ತೆಯ ಕಳ್ಳತನ ಇರುವುದು ನಡುವಿನಲ್ಲಿ. ಅಂಚಿನಲ್ಲಿ ನೋಡಿದರೆ ಅಂದಾಜಿನಲ್ಲಿರುವಷ್ಟೇ ಆರು ಇಂಚು ದಪ್ಪ ಕಾಣುತ್ತದೆ. ನಡುವೆ ನೆಲವನ್ನು ಉಬ್ಬಿಸಿ ಮೇಲೆ ನಾಲ್ಕೇ ಇಂಚು ಸುರಿದಿರುತ್ತಾರೆ. ಅದಕ್ಕೆ ಕಾಂಕ್ರೀಟ್ ಹಾಕುವ ದಿನವೇ, ಸುರಿಯುವ ಮುಂಚೆ, ಎರಡೂ ಬದಿಯ ಅಚ್ಚಿಗೆ ಅಡ್ಡ ದಾರ ಎಳೆಸಿ ದಾರದಿಂದ ನೆಲಕ್ಕೆ ಮೂರು ಕಡೆ ಅಳೆಯಬೇಕು. ಹಾಕಿದ ಮೇಲೆ ಕನಿಷ್ಠ ಎರಡು ವಾರ ಗೋಣಿಚೀಲ ಹೊದಿಸಿ ನೀರುಣಿಸಬೇಕು. ಎರಡನೇ ದಿನಕ್ಕೇ ಚೀಲ ಒಣಗಿದ್ದರೆ ವರ್ಷದೊಳಗೆ ರಸ್ತೆ ಪುಡಿ ಏಳುತ್ತದೆ, ಬೈಗುಳ ನಿಮ್ಮ ಪಾಲಿಗೆ. ಅಧ್ಯಕ್ಷೆ ಸೆರಗು ಸಿಕ್ಕಿಸಿಕೊಂಡು ಒಮ್ಮೆ ಟೇಪು ಹಿಡಿದಳು ಅನ್ನುವ ಸುದ್ದಿ ತಾಲ್ಲೂಕಿನ ಗುತ್ತಿಗೆದಾರರಿಗೆಲ್ಲ ಸಂಜೆಯೊಳಗೆ ಮುಟ್ಟುತ್ತದೆ. ಪ್ರತಿ ಸಲ ಹೋಗುವ ಅಗತ್ಯ ಆಮೇಲೆ ಬೀಳುವುದಿಲ್ಲ.

ಇನ್ನೊಂದು ಸೋರಿಕೆ ಬೋರ್‌ವೆಲ್ ಮೋಟಾರ್ ರಿಪೇರಿ. ಬೇಸಿಗೆಯಲ್ಲಿ ಯಾವ ಬೋರಿನ ಮೋಟಾರ್ ಎಷ್ಟು ಸಲ ಸುಟ್ಟಿತು ಅಂತ ಯಾರಿಗೂ ನೆನಪಿರುವುದಿಲ್ಲ, ಬಿಲ್ಲು ಮಾತ್ರ ಬರುತ್ತಲೇ ಇರುತ್ತದೆ. ಒಂದು ನೋಟ್‌ಬುಕ್ ಇಡಿ. ಬೋರಿನ ಹೆಸರು, ಮೋಟಾರಿನ ಹೆಚ್‌ಪಿ, ಎತ್ತಿದ ದಿನ, ಇಳಿಸಿದ ದಿನ, ನೀರಗಂಟಿಯ ಸಹಿ. ರಿವೈಂಡಿಂಗ್ ಮಾಡಿಸಿದರೆ ಸುಟ್ಟ ತಾಮ್ರದ ತಂತಿ ವಾಪಸ್ ಬರಬೇಕು ಅಥವಾ ಅದರ ಬೆಲೆ ಬಿಲ್ಲಿನಲ್ಲಿ ಕಳೆದಿರಬೇಕು. ಈ ಒಂದು ಪ್ರಶ್ನೆ ಕೇಳಿ ನೋಡಿ, ಎದುರಿಗಿದ್ದವರ ಮುಖ ಬೇರೆಯಾಗುತ್ತದೆ.

ಸಭೆ ನಡವಳಿ ಪುಸ್ತಕಕ್ಕೂ ಅಷ್ಟೇ ಎಚ್ಚರ ಬೇಕು. ಅಜೆಂಡಾದ ಕೊನೆಗೆ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಅಂತ ಒಂದು ಸಾಲು ಇರುತ್ತದೆ. ಅಪ್ಪಣೆ ನಿಮ್ಮದು, ವಿಷಯ ಯಾರದ್ದೋ. ಸಭೆ ಮುಗಿದ ಮೇಲೆ ಅದರ ಅಡಿಯಲ್ಲಿ ನಾಲ್ಕು ಹೊಸ ಠರಾವು ಸೇರಿಕೊಂಡಿದ್ದನ್ನು ಮುಂದಿನ ತಿಂಗಳು ನೋಡಿ ಪ್ರಯೋಜನವಿಲ್ಲ. ನಡವಳಿಯನ್ನು ಎಲ್ಲರೂ ಕೂತಿರುವಾಗಲೇ ಜೋರಾಗಿ ಓದಿಸಿ. ಬರೆದದ್ದು ಮುಗಿದಲ್ಲಿ ಅಡ್ಡಗೆರೆ ಎಳೆಸಿ, ಗೆರೆಗೆ ಅಂಟಿದಂತೆ ಸಹಿ ಹಾಕಿ, ಪುಟದ ಫೋಟೋ ತೆಗೆದುಕೊಳ್ಳಿ. "ನಮ್ಮ ಮೇಲೆ ನಂಬಿಕೆ ಇಲ್ವಾ ಮೇಡಂ?" ಅಂತ ಕೇಳುತ್ತಾರೆ. "ನಂಬಿಕೆ ಐತ್ರಿ. ಓದಿ ಹೇಳ್ರಿ" ಅಂದರೆ ಮುಗಿಯಿತು. ಓದು ಬರಹ ಬಾರದ ಅಧ್ಯಕ್ಷೆಗೂ ಈ ಮಾತು ಹೇಳಲು ಅಡ್ಡಿಯಿಲ್ಲ.

ಮನೆಯೊಳಗಿನ ಹೋರಾಟ ಇದಕ್ಕಿಂತ ಕಷ್ಟದ್ದು. ಗಂಡ, ಮೈದುನ, ಮಗ ಬಂದು ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂರುವಂತಿಲ್ಲ ಅಂತ ಸರ್ಕಾರದ ಸುತ್ತೋಲೆಗಳು ಹೇಳುತ್ತವೆ. ಸುತ್ತೋಲೆ ತೋರಿಸಿ ಗಂಡನನ್ನು ಹೊರಗೆ ಕಳಿಸಿದರೆ ರಾತ್ರಿ ಮನೆಯಲ್ಲಿ ಒಲೆ ಹತ್ತುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪು ಬಲ ಕೊಡುತ್ತದೆ. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನಿಗೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಅಂದವಳು ಆಕೆ. ಗಂಡನನ್ನು ಬಿಡಲಿಲ್ಲ, ಮಾತನ್ನೂ ಬಿಡಲಿಲ್ಲ. "ಬೈಕಲ್ಲಿ ಬಿಟ್ಟು ಹೋಗ್ರಿ, ಮೀಟಿಂಗ್ ಮುಗಿದ ಮೇಲೆ ಫೋನ್ ಮಾಡ್ತೀನಿ" ಅಂತ ಮೊದಲ ಸಭೆಯ ದಿನವೇ ಹೇಳಬೇಕು. ಮೂರನೇ ಸಭೆಗೆ ಹೇಳಲು ಹೋದರೆ ಆಗಲೇ ಅವರಿಗೆ ಕುರ್ಚಿ ರೂಢಿಯಾಗಿರುತ್ತದೆ.

ಗ್ರಾಮಸಭೆಯ ಜಾಗದ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯವಿದೆ. ದೇವಸ್ಥಾನದ ಜಗುಲಿಯಲ್ಲಿ ಸಭೆ ಮಾಡಬೇಡಿ. ನಿಮಗೆ ಧೈರ್ಯ ಕೊಡುವ ಆ ಜಗುಲಿ ಕೇರಿಯವರನ್ನು ರಸ್ತೆಯಲ್ಲಿ ನಿಲ್ಲಿಸಿಬಿಡಬಹುದು. ರಸ್ತೆಯಲ್ಲಿ ನಿಂತವರ ಅರ್ಜಿ ನಡವಳಿಗೆ ಬರುವುದಿಲ್ಲ. ಶಾಲೆ ಮೈದಾನ ಇದೆ, ಸಮುದಾಯ ಭವನ ಇದೆ. ಪಂಚಾಯಿತಿ ಕಟ್ಟಡದಲ್ಲೂ ನಿಮ್ಮ ದೇವರ ಪಟವನ್ನು ಕುರ್ಚಿಯ ಹಿಂದಿನ ಗೋಡೆಗೆ ದೊಡ್ಡದಾಗಿ ತೂಗಿಸುವುದಕ್ಕಿಂತ ಪರ್ಸಿನಲ್ಲಿಟ್ಟುಕೊಳ್ಳುವುದು ಲೇಸು. ನಂಬಿಕೆ ನಿಮ್ಮದು, ಗೋಡೆ ಎಲ್ಲರದು.

ಜಾತ್ರೆ ಬಂದಾಗ ಒತ್ತಡ ಶುರುವಾಗುತ್ತದೆ. ನೀರಿನ ಟ್ಯಾಂಕರ್, ಬೀದಿದೀಪ, ಚರಂಡಿ ಶುಚಿ, ಕಸ ಎತ್ತುವುದು, ಇವೆಲ್ಲ ಪಂಚಾಯಿತಿಯ ಕೆಲಸವೇ, ಅಚ್ಚುಕಟ್ಟಾಗಿ ಮಾಡಿಸಿ. ತೇರಿನ ರಿಪೇರಿಗೆ, ಗೋಪುರದ ಬಣ್ಣಕ್ಕೆ, ಸನ್ಮಾನಕ್ಕೆ ಹಣಕಾಸು ಆಯೋಗದ ಅನುದಾನ ಮುಟ್ಟುವಂತಿಲ್ಲ. ಆ ದುಡ್ಡಿಗೆ ಕಟ್ಟುಪಾಡಿದೆ. 15ನೇ ಆಯೋಗದ 2021-26ರ ಅವಧಿಯಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿದ್ದರು. "ದೇವರ ಕೆಲಸಕ್ಕೂ ಇಲ್ಲ ಅಂತೀಯಾ?" ಅನ್ನುವ ಪ್ರಶ್ನೆಗೆ ತಡವರಿಸಬೇಡಿ. ನಿಮ್ಮ ಗೌರವಧನದಿಂದ ನೂರೊಂದೋ ಐನೂರೊಂದೋ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಭಕ್ತಿಯೇ ಕಾಲಿಗೆ ತೊಡರುವುದೂ ಉಂಟು. ವಾಸ್ತು ಸರಿಯಿಲ್ಲ ಅಂತ ಪಂಚಾಯಿತಿ ದುಡ್ಡಲ್ಲಿ ಬಾಗಿಲು ಕೀಳಿಸಿ ಇನ್ನೊಂದು ಕಡೆ ಇಡಿಸುವವರು, ಆಷಾಢ ಕಳೆಯಲಿ ಅಂತ ಪೈಪ್‌ಲೈನ್ ಕೆಲಸ ತಳ್ಳುವವರು, ಎಲ್ಲ ಅವನೇ ನೋಡಿಕೊಳ್ಳುತ್ತಾನೆ ಅಂತ ನಗದು ಪುಸ್ತಕ ತೆರೆಯದವರು. ಮೂರನೆಯವರದ್ದೇ ಹೆಚ್ಚು ಅಪಾಯ, ಏಕೆಂದರೆ ಹೊರಗಿನಿಂದ ನೋಡಿದರೆ ಅವರು ಬಹಳ ಒಳ್ಳೆಯವರು. ಅಧಿಕಾರ ವಹಿಸಿಕೊಂಡ ಹದಿನೈದು ದಿನದೊಳಗೆ ಪಿಡಿಒ ಅವರಿಂದ ಬರಹದಲ್ಲಿ ಕೇಳಿ ಪಡೆಯಬೇಕಾದದ್ದು ಇಷ್ಟು: ಎಷ್ಟು ಬ್ಯಾಂಕ್ ಖಾತೆ, ಯಾವುದರಲ್ಲಿ ಎಷ್ಟು ಉಳಿಕೆ, ತೆರಿಗೆ ಬೇಡಿಕೆ, ವಸೂಲಿ, ಬಾಕಿ, ಪಾವತಿಯಾಗದ ಬಿಲ್ಲುಗಳು, ಕರೆಂಟ್ ಬಾಕಿ, ನೀರಗಂಟಿಗಳಿಗೆ ಎಷ್ಟು ತಿಂಗಳ ಸಂಬಳ ನಿಂತಿದೆ, ಹಿಂದಿನ ಲೆಕ್ಕ ಪರಿಶೋಧನಾ ವರದಿ. ಈ ಪಟ್ಟಿ ಕೈಗೆ ಬಂದರೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುವ ಜಮಾಬಂದಿಗೆ, ಅಂದರೆ ಪಂಚಾಯಿತಿಯ ವರ್ಷದ ಲೆಕ್ಕಪತ್ರದ ಬಹಿರಂಗ ಪರಿಶೀಲನೆಗೆ, ಯಾರದೋ ಬೆನ್ನ ಹಿಂದೆ ಕೂರಬೇಕಾಗುವುದಿಲ್ಲ.

ಮಾತಾಡಲು ಧ್ವನಿ ನಡುಗುತ್ತದೆ ಅನ್ನುವವರಿಗೆ ಒಂದು ಮಾತು. ಭಾಷಣ ಬಾಯಿಪಾಠ ಮಾಡಬೇಡಿ. ಸಭೆಗೆ ಕಾಲು ಗಂಟೆ ಮುಂಚೆ ಬಂದು ಕೂತು, ನಿಮಗೆ ಗೊತ್ತಿರುವ ವಚನವೋ ತತ್ವಪದವೋ ದುವಾವೋ ಮೆಲ್ಲಗೆ ಹೇಳಿಕೊಳ್ಳಿ. ಗಂಟಲು ಸಡಿಲವಾಗುತ್ತದೆ, ಉಸಿರು ಹದಕ್ಕೆ ಬರುತ್ತದೆ. ಆಮೇಲೆ ಅಜೆಂಡಾದ ಮೊದಲ ವಿಷಯವನ್ನು ನೀವೇ ಓದಿ. ಮೊದಲ ದನಿ ಯಾರದ್ದೋ ಸಭೆ ಅವರದ್ದಾಗುತ್ತದೆ.

ಚಾಡಿ, ವಾಟ್ಸಾಪ್ ಗ್ರೂಪಿನ ಕೊಂಕು, ತಾಲ್ಲೂಕು ಕಚೇರಿಯಿಂದ ರಾತ್ರಿ ತಡವಾಗಿ ಬಂದರೆ ಕಟ್ಟುವ ಕಥೆ, ಇವಕ್ಕೆ ಕಾಯ್ದೆಯಲ್ಲಿ ಮದ್ದು ಕಡಿಮೆ. ಇಲ್ಲಿ ದೇವರ ಮುಂದೆ ಕೂತು ಅತ್ತು ಹಗುರಾಗುವುದೇ ಬಹಳ ಜನರಿಗೆ ಉಳಿದಿರುವ ದಾರಿ. ಅದರಲ್ಲಿ ಸಣ್ಣತನವೇನೂ ಇಲ್ಲ. ಆದರೆ ಬೆದರಿಕೆ ಬಂದರೆ, ಜಾತಿ ಹಿಡಿದು ಬೈದರೆ, ಗುಡಿಗೆ ಹೋಗುವ ಮುಂಚೆ ಠಾಣೆಗೆ ಹೋಗಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ದೂರಿನ ಸ್ವೀಕೃತಿ ಪಡೆಯಿರಿ.

ಅವಧಿ ಮುಗಿದು ಕುರ್ಚಿ ಬಿಡುವಾಗ ಬಹುತೇಕರು ಮರೆಯುವುದು ಡಾಂಗಲ್. ಹೊಸ ಅಧ್ಯಕ್ಷರ ಹೆಸರಿಗೆ ಬದಲಾಗುವವರೆಗೂ ನಿಮ್ಮ ಡಿಜಿಟಲ್ ಸಹಿ ವ್ಯವಸ್ಥೆಯಲ್ಲಿ ಜೀವಂತವಾಗಿಯೇ ಇರಬಹುದು. ಅದನ್ನು ನಿಷ್ಕ್ರಿಯಗೊಳಿಸಿ ಅಂತ ಪಿಡಿಒ ಅವರಿಗೆ ಪತ್ರ ಕೊಟ್ಟು, ಆದ ದಿನಾಂಕವನ್ನು ಬರಹದಲ್ಲಿ ಪಡೆದುಕೊಳ್ಳಿ. ಆ ಪತ್ರದ ಜೊತೆಗೆ ಬೋರ್‌ವೆಲ್ ನೋಟ್‌ಬುಕ್, ನಡವಳಿಯ ಫೋಟೋಗಳು, ಖಾತೆಗಳ ಉಳಿಕೆಯ ಪಟ್ಟಿ ಒಂದು ಕಡತದಲ್ಲಿರಲಿ. ಲೆಕ್ಕ ಪರಿಶೋಧನೆಯ ಪ್ರಶ್ನೆಗಳು ಅಧಿಕಾರ ಬಿಟ್ಟು ಎರಡು ವರ್ಷವಾದ ಮೇಲೂ ಮನೆ ಬಾಗಿಲಿಗೆ ಬರುತ್ತವೆ.