ಸತ್ಯಾಂಶ: ‘ಸೇರಿಸಿದವರೇ ಬಂದು ಬಿಡಿಸಬೇಕು’ ಎಂಬ ಮಾತು ಎಷ್ಟು ನಿಜ?

‘ಮಾನಸಿಕ ಆಸ್ಪತ್ರೆಗೋ ಚಟ ಬಿಡಿಸುವ ಕೇಂದ್ರಕ್ಕೋ ಮನಿ ಮಂದಿ ಸಹಿ ಹಾಕಿ ಸೇರಿಸಿದ್ರ, ಅವರು ಬರೋತನಕ ಬಿಡಂಗಿಲ್ಲ’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತಾವಾಗಿಯೇ ದಾಖಲಾದ ವಯಸ್ಕರು ಕೇಳಿದ ಕೂಡಲೇ ಬಿಡಬೇಕು. ವೈದ್ಯರು ತಡೆದರೂ ಅದು ಪರೀಕ್ಷೆಗಾಗಿ, 24 ತಾಸು ಮಾತ್ರ. ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲಲು ಕಾಯ್ದೆಯಡಿ ಗೊತ್ತುಮಾಡಿದ ವ್ಯಕ್ತಿ) ಅರ್ಜಿಯ ಮೇಲೆ ಸೇರಿಸಿದ್ದರೆ (ಕಲಂ 89) ಇಬ್ಬರು ಪರಿಣತರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಈ ಕಲಂನಡಿ ಮಿತಿ 30 ದಿನ. ಆಸ್ಪತ್ರೆಯು, ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ 7 ದಿನದೊಳಗೆ, ಮಹಿಳೆಯಾದರೆ 3 ದಿನದೊಳಗೆ ತಿಳಿಸಬೇಕು.

ಹಾಗಾಗಿ ಮೊದಲು ಹಿಡಿಯಬೇಕಾದದ್ದು ದಾಖಲಾತಿಯ ತಾರೀಖು ಮತ್ತು ಯಾವ ಕಲಂನಡಿ ಸೇರಿಸಿದ್ದಾರೆ ಎಂಬುದು. ಮಂಡಳಿಗೆ ಕೊಡುವ ಬಹಳ ಅರ್ಜಿಗಳು ಎಡವುವುದು ಇಲ್ಲೇ: ಅಣ್ಣತಮ್ಮಂದಿರ ಆಸ್ತಿ ಜಗಳ ನಾಲ್ಕು ಪುಟ, ತಾರೀಖು ಒಂದು ಸಾಲೂ ಇಲ್ಲ.

ಮಂಡಳಿಗೆ ರೋಗಿ, ಪ್ರತಿನಿಧಿ, ಇಲ್ಲವೇ ರೋಗಿಯ ಒಪ್ಪಿಗೆ ಪಡೆದ ನೋಂದಾಯಿತ ಸಂಸ್ಥೆ ಅರ್ಜಿ ಕೊಡಬಹುದು, ಶುಲ್ಕವಿಲ್ಲ. ವಿಶೇಷ ಸಂದರ್ಭದಲ್ಲಿ ಒಳಗಿರುವವರು ಫೋನಿನಲ್ಲಿ ಹೇಳಿದರೂ ಮಂಡಳಿ ಸ್ವೀಕರಿಸಬಹುದು. ಕಲಂ 89ರ ದಾಖಲಾತಿ ಪ್ರಶ್ನಿಸಿದರೆ 7 ದಿನದಲ್ಲಿ ತೀರ್ಮಾನವಾಗಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ.

ಪ್ರತಿನಿಧಿಯಲ್ಲದ ನೆಂಟರಿಗೂ ದಾರಿಯಿದೆ. ಅಕ್ರಮವಾಗಿ ಕೂಡಿಟ್ಟಿದ್ದರೆ ಧಾರವಾಡ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್ (ಕೂಡಿಟ್ಟವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ) ಅರ್ಜಿ ಹಾಕಬಹುದು. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ.