ಒಂದು ಪಾಕೀಟು, ಒಂದು ಲೀಟರ್. ಇಷ್ಟು ಹೇಳಾಕ ಏನು ಕಷ್ಟ?

ಈಗಷ್ಟೇ ನೋಡಿ ಬಂದೀನಿ, ಸಿಟ್ಟು ಇನ್ನೂ ಇಳಿದಿಲ್ಲ. ಸೂಪರ್ ಮಾರ್ಕೆಟ್ ಕಡೆ ಒಂದು ಮೆಡಿಕಲ್ ಅಂಗಡಿ. ಕಂಕುಳಾಗ ಕೂಸು ಇಟ್ಕೊಂಡು ಒಬ್ಬಾಕಿ ತಾಯಿ ನಿಂತಾಳ, ಕೂಸಿಗೆ ರಾತ್ರಿಯಿಂದ ಜುಲಾಬ್. ಕೌಂಟರಿನ ಹುಡುಗ ಒಆರ್‌ಎಸ್ (ಜುಲಾಬಿನಾಗ ಹೋದ ನೀರು, ಉಪ್ಪು ತುಂಬೋ ಪುಡಿ) ದೊಡ್ಡ ಪಾಕೀಟು ಕೊಟ್ಟು ಹೇಳ್ತಾನ: “ಒಂದು ಗ್ಲಾಸಿಗೆ ಪೂರಾ ಹಾಕಿ ಕುಡಿಸ್ರಿ ಅಕ್ಕ, ಸ್ಟ್ರಾಂಗ್ ಆಗ್ತದ, ಲಗೂ ನಿಂದರ್ತದ.”

ಸ್ಟ್ರಾಂಗ್ ಅಂತ! ಅಲ್ಲೇ ಬಾಯಿ ಹಾಕಿ ತಿದ್ದಿಸಿದೆ. ಆದ್ರ ಇದು ಒಂದು ಅಂಗಡಿ ಕಥಿ ಅಲ್ಲ. ಕಲಬುರಗಿ ಬ್ಯಾಸಗ್ಯಾಗ ಮನಿ ಮನಿಯೊಳಗ ಇದೇ ನಡೀತದ.

ಪಾಕೀಟಿನ ಹಿಂದ ಏನು ಬರದಾರ ಓದ್ರಿ. ದೊಡ್ಡದು ಸುಮಾರು 21 ಗ್ರಾಂ, ಅದು 1 ಲೀಟರಿಗೆ. ಸಣ್ಣದು 4 ಗ್ರಾಂ ಚಿಲ್ಲರೆ, ಅದು 200 ಮಿಲಿಗೆ. ಎರಡೂ ಒಂದೇ ಬಣ್ಣ, ಒಂದೇ ಹೆಸರು. ಗಡಿಬಿಡಿ ಶುರು ಆಗೋದೇ ಇಲ್ಲಿಂದ.

ವಿಶ್ವ ಆರೋಗ್ಯ ಸಂಸ್ಥೆ ಸೂತ್ರದಾಗ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಇವೆಲ್ಲ ಕರಗಿದ ಮ್ಯಾಲ ಲೀಟರಿಗೆ 245 ಮಿಲಿಆಸ್ಮೋಲ್ (ನೀರಿನಾಗ ಎಷ್ಟು ಕಣ ಕರಗ್ಯಾವ ಅನ್ನೋ ಅಳತಿ) ಆಗ್ತದ. ನಮ್ಮ ರಕ್ತ 285ರ ಆಸುಪಾಸು. ಅಂದ್ರ ದ್ರಾವಣ ರಕ್ತಕ್ಕಿಂತ ಸ್ವಲ್ಪ ತೆಳು, ಅದಕ್ಕೇ ನೀರು ಕರುಳಿನಿಂದ ರಕ್ತದ ಕಡೆ ಹೋಗ್ತದ. ಮೊದಲಿನ ಸೂತ್ರ 311 ಇತ್ತು. 2002ರಾಗ ಅದನ್ನ ಇಳಿಸಿದ್ದೇ ತೆಳು ಇದ್ರ ಭೇದಿ, ವಾಂತಿ ಎರಡೂ ಕಡಿಮಿ ಆಗ್ತಾವ ಅಂತ. ಜಗತ್ತು ತೆಳು ಮಾಡ್ಲಿಕ್ಕತ್ತದ, ನಾವು ಗಟ್ಟಿ ಮಾಡ್ಲಿಕ್ಕತ್ತೀವಿ.

ಲೆಕ್ಕ ಹಾಕ್ರಿ. ಪೂರಾ ಪಾಕೀಟು 200 ಮಿಲಿ ಗ್ಲಾಸಿಗೆ ಸುರಿದ್ರ ಎಲ್ಲಾ ಐದು ಪಟ್ಟು. 245 ಇದ್ದದ್ದು 1225. ಉಪ್ಪಿನಾಗಿನ ಸೋಡಿಯಂ ಲೀಟರಿಗೆ 75 ಮಿಲಿಮೋಲ್ ಇದ್ದದ್ದು 375. ಸಮುದ್ರದ ನೀರಿನಾಗ ಸುಮಾರು 470 ಇರ್ತದ! ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಮುಚ್ಚಿಟ್ರ ಮರುದಿನ ಹೋಳು ನೀರು ಬಿಟ್ಟಿರ್ತದಲ್ಲ, ಕರುಳಿನ ಕಥಿನೂ ಅದೇ. ನೀರು ಮೈಯಾಗ ಹೋಗೋ ಬದ್ಲಿ ಮೈಯಿಂದ ಕರುಳಿಗೆ ಬರ್ತದ, ಜುಲಾಬ್ ಹೆಚ್ಚಾಗ್ತದ. ಒಳಗ ಹೋದ ಉಪ್ಪು ರಕ್ತದ ಸೋಡಿಯಂ ಏರಿಸಿ ಮಿದುಳಿನ ಜೀವಕೋಶದಿಂದನೂ ನೀರು ಹೀರ್ತದ. ಕೂಸಿಗೆ ಫಿಟ್ಸ್ ಬರೋದು ಹಿಂಗೇ.

“ಹಂಗಾದ್ರ ಸಾದಾ ನೀರೇ ಕುಡಿಸ್ತೀವಿ, ಅದು ಇನ್ನೂ ತೆಳು” ಅಂತೀರೇನು? ನೀರನ್ನ ಕರುಳಿನ ಪೊರೆ ತಾನಾಗೇ ಪಂಪ್ ಮಾಡಂಗಿಲ್ಲ, ಅದು ಸೋಡಿಯಂ ಬೆನ್ನು ಹತ್ತಿ ಹೋಗ್ತದ. ಆ ಪೊರೆಯಾಗ ಎಸ್‌ಜಿಎಲ್‌ಟಿ1 ಅನ್ನೋ ಪ್ರೋಟೀನ್ ಅದ, ಎರಡು ಸೋಡಿಯಂ ಜೋಡಿ ಒಂದು ಗ್ಲೂಕೋಸ್ ಒಳಗ ಎಳೀತದ. ಗ್ಲೂಕೋಸ್ ಇಲ್ಲಂದ್ರ ಈ ಬಾಗಿಲು ತೆಗಿಯಂಗಿಲ್ಲ. ಕೋಶದ ಹಿಂದಿನ ಗೋಡ್ಯಾಗ ಇನ್ನೊಂದು ಪಂಪು, ಮೂರು ಸೋಡಿಯಂ ಹೊರಗ ನೂಕಿ ಎರಡು ಪೊಟ್ಯಾಸಿಯಂ ಒಳಗ ತರ್ತದ. ಕೋಶದಾಗ ಸೋಡಿಯಂ ಯಾವಾಗ್ಲೂ ಕಡಿಮಿ ಇರೋದು ಅದಕ್ಕೇ, ಹಿಂಗಾಗಿ ಕರುಳಿನ ಸೋಡಿಯಂ ಒಳಗ ಬರ್ತಾನೇ ಇರ್ತದ. ಕಾಲರಾ ಬಂದು ಕರುಳು ಕ್ಲೋರೈಡ್, ನೀರು ಸುರಿಸಿದ್ರೂ ಈ ಬಾಗಿಲು ಮಾತ್ರ ಕೆಡಂಗಿಲ್ಲ. 1971ರಾಗ ಪಶ್ಚಿಮ ಬಂಗಾಳದ ಬನಗಾಂವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಾಗ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಾಬಿಸ್ ಡ್ರಮ್ಮಿನಾಗ ಉಪ್ಪು-ಗ್ಲೂಕೋಸ್ ನೀರು ಕಲಿಸಿ ಕುಡಿಸಿದ್ರು. ಶೇ 30ರಷ್ಟಿದ್ದ ಸಾವು ಶೇ 4ರ ಒಳಗ ಬಂತು. ಮೊದಲ ಮೋಷನ್ನಿಗೇ “ಬಾಟ್ಲಿ ಹಚ್ರಿ ಡಾಕ್ಟ್ರೇ” ಅನ್ನೋರು ಇದನ್ನ ಎರಡು ಸಲ ಓದ್ರಿ.

ಕೋಲಾ, ಡಬ್ಬಿ ಜ್ಯೂಸ್ ಬಗ್ಗೆ ಕೇಳ್ಲೇಬ್ಯಾಡ್ರಿ. ಸಕ್ಕರಿ ತುಂಬಿ ತುಳುಕ್ತದ, ಸೋಡಿಯಂ ಇಲ್ಲಂದ್ರೂ ನಡೀತದ.

ಇನ್ನೊಂದು ವಾದ: “ಕೂಸು ಲೀಟರ್ ಎಲ್ಲಿ ಕುಡೀತದ, ವೇಸ್ಟ್ ಆಗ್ತದ.” ಆಗ್ಲಿ ಬಿಡ್ರಿ! 24 ತಾಸು ಮುಚ್ಚಿಡ್ರಿ, ಉಳಿದದ್ದು ಚೆಲ್ರಿ. ಆಶಾ ಅಕ್ಕನ ಹತ್ರ ಪುಕ್ಕಟೆ ಸಿಗ್ತದ. ಅರ್ಧ ಪಾಕೀಟು ಅಂದಾಜಿಗೆ ಹಾಕೋ ಜಾಣತನ ಬ್ಯಾಡ, ಅರ್ಧದಾಗ ಉಪ್ಪೆಷ್ಟು ಗ್ಲೂಕೋಸ್ ಎಷ್ಟು ಬಂತು ಯಾರಿಗೂ ಗೊತ್ತಾಗಂಗಿಲ್ಲ. ತಂಬಿಗಿ ಅಳತಿನೂ ಬ್ಯಾಡ, ಒಬ್ಬೊಬ್ಬರ ಮನಿ ತಂಬಿಗಿ ಒಂದೊಂದು ನಮೂನಿ. ಲೀಟರ್ ನೀರಿನ ಬಾಟ್ಲಿ ಎಲ್ಲರ ಮನ್ಯಾಗೂ ಬಿದ್ದಿರ್ತದ. ಅದನ್ನ ತೊಳೆದು, ಕಾಸಿ ಆರಿಸಿದ ನೀರು ತುಂಬಿ, ಅಗಲ ಪಾತ್ರಿಗೆ ಸುರಿದು, ಆಮ್ಯಾಲ ಪುಡಿ ಹಾಕ್ರಿ. ಮ್ಯಾಲ ಸಕ್ಕರಿ ಬ್ಯಾಡ, ಹಾಲು ಬ್ಯಾಡ, ಕಲಿಸಿದ ಮ್ಯಾಲ ಕುದಿಸೋದೂ ಬ್ಯಾಡ. ಪಾಕೀಟೇ ಸಿಗದಿದ್ರ ಲೀಟರಿಗೆ ಆರು ಟೀ ಚಮಚ ಸಕ್ಕರಿ, ಅರ್ಧ ಟೀ ಚಮಚ ಉಪ್ಪು. ಚಮಚ ತಲಿಸಮ ಇರ್ಲಿ, ಗೋಪುರ ಅಲ್ಲ.

ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಮೋಷನ್ ಆದ ಮ್ಯಾಲ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200. ಚಮಚದಿಂದ, ಸಾವಕಾಶ. ವಾಂತಿ ಆದ್ರ 10 ನಿಮಿಷ ಬಿಟ್ಟು ಮತ್ತ ಇನ್ನೂ ನಿಧಾನ. ಎದಿಹಾಲು ನಿಲ್ಲಿಸಬ್ಯಾಡ್ರಿ. ಜಿಂಕ್ ಗುಳಿಗಿ ಡಾಕ್ಟರ್ ಬರೆದಷ್ಟು ದಿನ ಪೂರಾ ಕೊಡ್ರಿ, ಜುಲಾಬ್ ನಿಂತ್ರೂ.

ಕಣ್ಣು ಒಳಗ ಹೋಗ್ಯಾವ, ಹೊಟ್ಟಿ ಚರ್ಮ ಚಿವುಟಿ ಬಿಟ್ರ ನಿಧಾನ ಕೂಡ್ತದ, ಕೂಸು ಮಂಕಾಗಿ ಕುಡಿಯಾಕ ಒಲ್ಲೆ ಅಂತದ, ಮೋಷನ್ನಿನಾಗ ರಕ್ತ: ಇವು ಕಂಡ್ರ ಸೀದಾ ಆಸ್ಪತ್ರಿಗೆ. ಕೂಸು ಎಚ್ಚರ ಇದ್ದು ನುಂಗ್ಲಿಕ್ಕತ್ತಿದ್ರ ದಾರ್ಯಾಗೂ ಚಮಚ ನಡೀಲಿ, ಎಚ್ಚರ ತಪ್ಪಿದ್ರ ಬಾಯಿಗೆ ಒಂದು ಹನಿನೂ ಹಾಕಬ್ಯಾಡ್ರಿ.