ದಮ್ಮಿನ ಕಾಯಿಲೆಯವರ ನಿದ್ದೆಯ ಬಗ್ಗೆ ವೈದ್ಯರು ಕೇಳಬೇಕು, ಮನೆಯವರು ಹೇಳಬೇಕು

ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯಿರುವವರು ರಾತ್ರಿ ನಿದ್ದೆ ಬರುವುದಿಲ್ಲವೆಂದು ಹೇಳಿಕೊಂಡಾಗ ನಮ್ಮ ಕಡೆ ಅವರಿಗೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡು: ‘ವಯಸ್ಸಾಯಿತಲ್ಲ, ಇನ್ನೆಲ್ಲಿಯ ನಿದ್ದೆ’ ಎಂಬುದೊಂದು, ‘ಏನೇನೋ ಯೋಚನೆ ಹಚ್ಚಿಕೊಳ್ಳಬೇಡಿ’ ಎಂಬುದು ಇನ್ನೊಂದು. ವೈದ್ಯರು ಸಿಒಪಿಡಿ ಎನ್ನುವ, ಊರಿನವರು ದಮ್ಮು, ಗೂರಲು ಎಂದೇ ಕರೆಯುವ ಕಾಯಿಲೆಯಿರುವ ನಮ್ಮ ತಾಯಿಯವರನ್ನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ ಈ ಎರಡೂ ಉತ್ತರಗಳು ರೋಗಿಗೆ ಕೇಡು ಮಾಡುತ್ತವೆ ಎಂಬುದು ಮನದಟ್ಟಾಗಿದೆ. ನಿದ್ದೆಗೆಡುವುದು ಆ ಕಾಯಿಲೆಯದೇ ಒಂದು ಭಾಗ. ಕೆಮ್ಮು, ಕಫ, ಏದುಸಿರುಗಳನ್ನು ವಿಚಾರಿಸುವಷ್ಟೇ ಗಂಭೀರವಾಗಿ ಅದನ್ನೂ ವಿಚಾರಿಸಬೇಕು.

ಇದು ಸಣ್ಣ ಸಂಖ್ಯೆಯ ಜನರ ಸಂಕಟವಲ್ಲ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 1990ರಲ್ಲಿ ಭಾರತದಲ್ಲಿ 2.81 ಕೋಟಿಯಷ್ಟಿದ್ದ ಸಿಒಪಿಡಿ ರೋಗಿಗಳ ಸಂಖ್ಯೆ 2016ರ ಹೊತ್ತಿಗೆ 5.53 ಕೋಟಿಗೆ ಏರಿತ್ತು. ಇವರೆಲ್ಲ ಬೀಡಿ, ಸಿಗರೇಟು ಸೇದಿದವರೇ ಎಂದುಕೊಳ್ಳುವುದು ಅನ್ಯಾಯ. ನಮ್ಮ ತಾಯಿ ಬೀಡಿಯನ್ನು ಕೈಯಲ್ಲಿ ಹಿಡಿದವರಲ್ಲ. ಹೊಗೆಗೂಡು ಸರಿಯಿಲ್ಲದ ಅಡುಗೆಮನೆಯಲ್ಲಿ ಊದುಗೊಳವೆ ಹಿಡಿದು ಕೂತ ದಶಕಗಳೇ ಅವರಿಗೆ ಈ ಕಾಯಿಲೆಯನ್ನು ಕೊಟ್ಟವು. 2016ರ ಉಜ್ವಲ ಯೋಜನೆಯ ನಂತರ ಬಹಳಷ್ಟು ಮನೆಗಳಿಗೆ ಗ್ಯಾಸ್ ಬಂದಿರುವುದು ನಿಜ, ಆದರೆ ಮಲೆನಾಡಿನ ಕಡೆ ಅಡುಗೆಯೊಲೆ ಆರಿದ ಮೇಲೂ ಬಚ್ಚಲೊಲೆ ಉರಿಯುತ್ತಲೇ ಇದೆ.

ನಿದ್ದೆಯಲ್ಲಿ ಈ ಶ್ವಾಸಕೋಶಗಳಿಗೆ ಏನಾಗುತ್ತದೆ ಎಂಬುದನ್ನು ತಿಳಿದರೆ ರೋಗಿಯ ಮಾತನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಉಸಿರಾಟದಲ್ಲಿ ಮುಖ್ಯವಾಗಿ ದುಡಿಯುವುದು ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಹರಡಿರುವ ವಪೆ ಎಂಬ ಸ್ನಾಯು. ಒಳಗೆ ಹೋದ ಗಾಳಿ ಪೂರ್ತಿಯಾಗಿ ಹೊರಬರಲಾರದೆ ಅಲ್ಲೇ ಉಳಿಯುವುದರಿಂದ ಈ ರೋಗಿಗಳ ಎದೆ ಉಬ್ಬಿಕೊಂಡೇ ಇರುತ್ತದೆ, ಅದರ ಕೆಳಗೆ ವಪೆ ಚಪ್ಪಟೆಯಾಗಿ ತನ್ನ ಕಸುವು ಕಳೆದುಕೊಳ್ಳುತ್ತದೆ. ಎಚ್ಚರವಿರುವಾಗ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಕತ್ತಿನ ಸ್ನಾಯುಗಳೂ ಸೇರಿ ಆ ಕೊರತೆಯನ್ನು ತುಂಬಿಕೊಡುತ್ತವೆ. ದಮ್ಮಿನವರು ಮೊಣಕಾಲಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂರುವುದು ಅದಕ್ಕೇ. ಆದರೆ ಕನಸು ಬೀಳುವ ಹಂತದ ನಿದ್ದೆಯಲ್ಲಿ ದೇಹ ಈ ಸಹಾಯಕ ಸ್ನಾಯುಗಳನ್ನು ಸಡಿಲಬಿಡುತ್ತದೆ, ಬಡಕಲಾದ ವಪೆಯೊಂದೇ ಇಡೀ ಕೆಲಸವನ್ನು ಹೊರಬೇಕಾಗುತ್ತದೆ. ಆಗ ಉಸಿರು ಮೇಲುಮೇಲಾಗುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆರೋಗ್ಯವಂತರಲ್ಲೂ ನಿದ್ದೆಯಲ್ಲಿ ಉಸಿರಾಟ ಸ್ವಲ್ಪ ತಗ್ಗುವುದುಂಟು, ಆದರೆ ಅವರಿಗೆ ಇಳಿಯಲು ಜಾಗವಿದೆ. ಹಗಲಿನಲ್ಲೇ ಅಂಚಿನ ಮೇಲೆ ನಿಂತಿರುವವರಿಗೆ ಅಷ್ಟೇ ಇಳಿತ ದೊಡ್ಡ ಕುಸಿತವಾಗಿ ಪರಿಣಮಿಸುತ್ತದೆ.

ಈ ಕನಸಿನ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ. ದೇಹದ ದಿನಚರಿಯ ಪ್ರಕಾರ ಶ್ವಾಸನಾಳಗಳು ಅತ್ಯಂತ ಕಿರಿದಾಗುವುದೂ ಸುಮಾರು ಅದೇ ಹೊತ್ತಿಗೆ. ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಎದ್ದು ಕೂತು ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಉಸಿರಿಗೆ ತಿಣುಕುವ ಹಿರಿಯರು ಎಷ್ಟು ಮನೆಗಳಲ್ಲಿಲ್ಲ! ಅವರ ದೇಹ ಒಂದು ಲೆಕ್ಕಾಚಾರದಂತೆಯೇ ಅವರನ್ನು ಆ ಹೊತ್ತಿಗೆ ಎಬ್ಬಿಸಿದೆ.

ಇಷ್ಟೆಲ್ಲ ಇರುವಾಗ ಇಂಥವರಿಗೆ ನಿದ್ದೆ ಮಾತ್ರೆಯೊಂದನ್ನು ಬರೆದುಕೊಟ್ಟು ಕಳಿಸುವುದನ್ನು ನಾನು ಒಪ್ಪಲಾರೆ. ನಮ್ಮ ತಾಯಿಗೂ ಒಮ್ಮೆ ಹಾಗೆಯೇ ಆಯಿತು. ರಾತ್ರಿ ಏಕೆ ಎಚ್ಚರವಾಗುತ್ತದೆ, ಬೆಳಗ್ಗೆ ತಲೆನೋವು ಇರುತ್ತದೆಯೇ, ಹಗಲಲ್ಲಿ ತೂಕಡಿಕೆ ಬರುತ್ತದೆಯೇ ಎಂಬ ಒಂದು ಪ್ರಶ್ನೆಯೂ ಇಲ್ಲದೆ ಚೀಟಿಯ ಕೊನೆಯಲ್ಲಿ ಆಲ್ಪ್ರಾಜೋಲಾಮ್ ಸೇರಿಕೊಂಡಿತು. ಈ ಗುಂಪಿನ ಮಾತ್ರೆಗಳು ಮಿದುಳಿನ ಉಸಿರಾಟದ ಪ್ರೇರಣೆಯನ್ನೇ ತಗ್ಗಿಸಬಲ್ಲವು, ಗಂಟಲಿನ ಸ್ನಾಯುಗಳನ್ನು ಸಡಿಲಗೊಳಿಸಬಲ್ಲವು, ಆಮ್ಲಜನಕ ಕುಸಿದಾಗ ಎಚ್ಚರಗೊಳ್ಳುವ ದೇಹದ ರಕ್ಷಣೆಯನ್ನು ಮಂಕಾಗಿಸಬಲ್ಲವು. ಆಲ್ಪ್ರಾಜೋಲಾಮ್ ನಮ್ಮಲ್ಲಿ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿರುವ ಔಷಧಿ, ಅಂದರೆ ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಬೇಕು. ಆದರೂ ಹಳೆಯ ಚೀಟಿ ತೋರಿಸಿ, ನೆರೆಮನೆಯವರಿಂದ ಎರಡು ಮಾತ್ರೆ ಕೇಳಿ ಪಡೆದು ನುಂಗುವವರನ್ನು ನಾನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ. ಈಗಾಗಲೇ ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರು ತಾವಾಗಿ ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರನ್ನು ಕೇಳಿ ನಿಧಾನವಾಗಿ ಕಡಿಮೆ ಮಾಡಬೇಕು.

ನಿದ್ದೆಗೆಡಿಸುತ್ತಿರುವುದು ಕೆಲವೊಮ್ಮೆ ಕಾಯಿಲೆಯ ಔಷಧಿಯೇ ಆಗಿರುತ್ತದೆ. ನಮ್ಮಲ್ಲಿ ಮನೆಮಾತಾಗಿರುವ ಡೆರಿಫಿಲಿನ್‌ನಲ್ಲಿರುವ ಥಿಯೋಫಿಲಿನ್ ಕಾಫಿಯಲ್ಲಿರುವ ಕೆಫೀನ್‌ನ ಸಂಬಂಧಿ, ಅದು ನಿದ್ದೆಯನ್ನು ಕದಡಬಲ್ಲದು. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಯನ್ನು ರಾತ್ರಿ ನುಂಗಿದರೂ ಹಾಗೆಯೇ. ಅದಕ್ಕೇ ಅದನ್ನು ಸಾಮಾನ್ಯವಾಗಿ ಬೆಳಗ್ಗೆ ಕೊಡುತ್ತಾರೆ. ಮಾತ್ರೆಯ ವೇಳೆಯನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳುವುದಕ್ಕೆ ಸಂಕೋಚವೇಕೆ? ದಿನನಿತ್ಯದ ಇನ್ಹೇಲರನ್ನು ‘ಅಭ್ಯಾಸವಾಗಿಬಿಡುತ್ತದೆ’ ಎಂಬ ಹೆದರಿಕೆಯಿಂದ ಬಿಟ್ಟು, ಕಷ್ಟವಾದಾಗ ಮಾತ್ರ ಪಂಪು ಹೊಡೆದುಕೊಳ್ಳುವವರ ರಾತ್ರಿಗಳಂತೂ ಸುಧಾರಿಸುವುದು ಕಷ್ಟ.

ಇನ್ನೊಂದು ತೊಡಕನ್ನು ಮನೆಯವರೇ ಮೊದಲು ಗುರುತಿಸಬಲ್ಲರು. ಸಿಒಪಿಡಿಯ ಜೊತೆಗೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆಮತ್ತೆ ನಿಂತುಹೋಗುವ ಸ್ಲೀಪ್ ಆಪ್ನಿಯಾ ಕೂಡ ಕೆಲವರಲ್ಲಿರುತ್ತದೆ. ಎರಡೂ ಒಬ್ಬರಲ್ಲೇ ಸೇರಿದ ಸ್ಥಿತಿಯನ್ನು 1985ರಲ್ಲಿ ಎಡಿನ್‌ಬರೋದ ಡೇವಿಡ್ ಫ್ಲೆನ್ಲಿ ‘ಓವರ್‌ಲ್ಯಾಪ್ ಸಿಂಡ್ರೋಮ್’ ಎಂದು ಕರೆದರು. ಒಂದೊಂದೇ ಇದ್ದಾಗಿನದಕ್ಕಿಂತ ಇವರಲ್ಲಿ ರಾತ್ರಿಯ ಆಮ್ಲಜನಕ ಹೆಚ್ಚು ಕುಸಿಯುತ್ತದೆ. ಜೋರಾದ ಗೊರಕೆ, ನಡುವೆ ಮೌನ, ಆಮೇಲೆ ಉಸಿರುಗಟ್ಟಿದವರಂತೆ ಬೆಚ್ಚಿಬೀಳುವುದು, ಇವು ಪಕ್ಕದಲ್ಲಿ ಮಲಗಿದವರಿಗೆ ಕಾಣುತ್ತವೆಯೇ ಹೊರತು ರೋಗಿಗೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಲಗಿದವರ ಮಾತೇ ಇಲ್ಲಿ ಅರ್ಧ ಪರೀಕ್ಷೆ. ಉಳಿದರ್ಧಕ್ಕೆ ನಿದ್ರಾ ಪರೀಕ್ಷೆಯಿದೆ, ಮುಖವಾಡದ ಮೂಲಕ ಗಾಳಿಯೊತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಯಂತ್ರದಂಥ ಒಳ್ಳೆಯ ಚಿಕಿತ್ಸೆಯೂ ಇದೆ.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಈಗ ಬಹಳ ಮನೆಗಳಲ್ಲಿದೆ. ಹಗಲು ಕೂತು ಬೆರಳಿಗೆ ಹಾಕಿ ನೋಡಿದಾಗ ರಕ್ತದ ಆಮ್ಲಜನಕದ ಮಟ್ಟ ಶೇಕಡಾ 92 ಎಂದು ತೋರಿಸಿದರೂ ಅದು ರಾತ್ರಿಯ ಸ್ಥಿತಿಯನ್ನು ಹೇಳುವುದಿಲ್ಲ. ಇಡೀ ರಾತ್ರಿ ದಾಖಲಿಸುವ ಉಪಕರಣಗಳು ಬೇರೆ ಇವೆ, ಅಗತ್ಯವಿದ್ದರೆ ವೈದ್ಯರು ಅದನ್ನು ಹೇಳುತ್ತಾರೆ. ಹಾಗೆಂದು ಮನೆಯಲ್ಲಿರುವ ಆಕ್ಸಿಜನ್ ಕಾನ್ಸಂಟ್ರೇಟರನ್ನು ರಾತ್ರಿ ನಾವೇ ಹಚ್ಚಿ, ಒಳ್ಳೆಯದಾಗಲಿ ಎಂದು ಮಟ್ಟ ಏರಿಸುವುದು ಸಲ್ಲದು. ಇಂಗಾಲದ ಡೈಆಕ್ಸೈಡ್ ಕಟ್ಟಿಕೊಳ್ಳುವ ರೋಗಿಗಳಲ್ಲಿ ಅತಿಯಾದ ಆಮ್ಲಜನಕ ಅದನ್ನು ಇನ್ನಷ್ಟು ಏರಿಸಬಲ್ಲದು, ಆದ್ದರಿಂದಲೇ ಅವರಿಗೆ 88ರಿಂದ 92ರ ನಡುವಿನ ಮಟ್ಟ ಸಾಕೆಂದು ವೈದ್ಯರು ಗುರಿ ಇಡುತ್ತಾರೆ. ಬೆಳಗ್ಗೆ ಎದ್ದಾಗ ತಲೆ ಭಾರ, ಮಂಪರು, ಗೊಂದಲ ಕಂಡರೆ ತಡಮಾಡದೆ ತೋರಿಸಬೇಕು.

ಮನೆಯೊಳಗೆ ನಮ್ಮ ಕೈಯಲ್ಲೇ ಇರುವ ಸಂಗತಿಗಳೂ ಇವೆ, ಅವುಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು ಸೊಳ್ಳೆಬತ್ತಿ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊರಬರುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ, ದಮ್ಮಿನವರ ಮಂಚದ ಕೆಳಗೇ ಅದನ್ನು ಹಚ್ಚಿಡುತ್ತೇವಲ್ಲ! ಸೊಳ್ಳೆಪರದೆ ಕಟ್ಟಿದರೆ ಸಾಕು. ರಾತ್ರಿ ಒಂಬತ್ತೂವರೆಗೆ ಹೊಟ್ಟೆ ತುಂಬ ಉಂಡು ತಕ್ಷಣ ಮಲಗಿದರೆ ತುಂಬಿದ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ, ಹುಳಿತೇಗಿನಿಂದ ಕೆಮ್ಮೂ ಹೆಚ್ಚಬಹುದು. ನಮ್ಮ ಮನೆಯಲ್ಲಿ ತಾಯಿಯವರ ಊಟ ಏಳು ಗಂಟೆಗೇ ಮುಗಿಯುತ್ತದೆ, ಮಂಚದ ತಲೆಯ ಕಡೆಯನ್ನು ಎತ್ತರಿಸಿದ್ದೇವೆ, ಬಚ್ಚಲೊಲೆಯ ಕೆಲಸ ಅವರದಲ್ಲವೇ ಅಲ್ಲ.

ಇಷ್ಟು ಹೇಳಲು ಇನ್ನೊಂದು ಕಾರಣವಿದೆ. ಅಮೆರಿಕದಲ್ಲಿ 1,647 ಸಿಒಪಿಡಿ ರೋಗಿಗಳನ್ನು ಮೂರು ವರ್ಷ ಗಮನಿಸಿ 2022ರಲ್ಲಿ ‘ಸ್ಲೀಪ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ನಿದ್ದೆ ಮಾಡುವವರಿಗೆ ಹೋಲಿಸಿದರೆ ನಿದ್ದೆಗೆಟ್ಟವರಲ್ಲಿ ಕಾಯಿಲೆ ಉಲ್ಬಣಗೊಳ್ಳುವ ಅಪಾಯ 25ರಿಂದ 95 ಶೇಕಡಾ ಹೆಚ್ಚಿದ್ದುದು ಕಂಡುಬಂತು. ಒಂದು ಉಲ್ಬಣವೆಂದರೆ ಆಸ್ಪತ್ರೆ ವಾಸ, ಕೂಲಿ ನಷ್ಟ, ಸಾಲ, ಮತ್ತು ಎಷ್ಟೋ ಸಲ ಹಿಂದಿನ ಮಟ್ಟಕ್ಕೆ ಮರಳದ ಶ್ವಾಸಕೋಶ. ಸಿಒಪಿಡಿಯ ತೀವ್ರತೆ ಅಳೆಯಲು ಬಳಸುವ ಕ್ಯಾಟ್ ಎಂಬ ಪ್ರಶ್ನಾವಳಿಯ ಎಂಟು ಪ್ರಶ್ನೆಗಳಲ್ಲಿ ಒಂದು ನಿದ್ದೆಯದೇ. ಅದನ್ನು ಕೇಳುವುದಕ್ಕೆ ಯಂತ್ರ ಬೇಡ, ಹಣ ಬೇಡ, ಅರ್ಧ ನಿಮಿಷ ಸಾಕು. ಆಶಾ ಕಾರ್ಯಕರ್ತೆಯರು ಮನೆಗೆ ತರುವ ನಮೂನೆಯಲ್ಲಿ ಉಸಿರಾಟದ ತೊಂದರೆ ಇದೆಯೇ, ಅಡುಗೆಗೆ ಯಾವ ಉರುವಲು ಎಂಬ ಪ್ರಶ್ನೆಗಳಿವೆ. ಉಸಿರಾಟದ ತೊಂದರೆಗೆ ಹೌದು ಎಂದವರಿಗೆ ರಾತ್ರಿ ಎಷ್ಟು ಸಲ ಏಳುತ್ತೀರಿ, ಎದ್ದಾಗ ಉಸಿರಿಗೆ ಕಷ್ಟವಾಗುತ್ತದೆಯೇ, ನಿದ್ದೆಗೆ ಏನಾದರೂ ಮಾತ್ರೆ ನುಂಗುತ್ತಿದ್ದೀರಾ ಎಂಬ ಮೂರು ಪ್ರಶ್ನೆಗಳನ್ನು ಅಲ್ಲೇ ಸೇರಿಸಬೇಕೆಂಬುದು ನನ್ನ ಬೇಡಿಕೆ.